ಒಬ್ಬ ವೀರ ಎಷ್ಟು ಜನಕ್ಕೆ ಸಮ?

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ, ತನ್ನ ಅಪ್ಪ ಕಾಲೇಜಿನ ದಿನಗಳಲ್ಲಿ ಆಡುತ್ತಿದ್ದ ಕಂಪ್ಯೂಟರ್ ಆಟವೊಂದನ್ನು ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹುಡುಕಿ ತೆಗೆದ. ಹೆಸರು ‘ಆಬ್ಲಿವಿಯನ್’, ಅಮೆರಿಕದ ಬೆಥೆಸ್ಡಾ ಸಂಸ್ಥೆ 2006ರಲ್ಲಿ ಹೊರತಂದದ್ದು. ಕತ್ತಿ, ಮಂತ್ರ, ಕೋಟೆ, ಕಾಡು, ಪಿಶಾಚಿಗಳ ಲೋಕ. ಆಡುವವನು ಸೆರೆಮನೆಯ ಕೈದಿಯಾಗಿ ಆರಂಭಿಸಿ ಕ್ರಮೇಣ ಬಲ ಗಳಿಸುತ್ತ ಹೋಗಬೇಕು. ನಾಲ್ಕು ದಿನ ಊಟ ನಿದ್ರೆ ಮರೆತು ಆಡಿದ ಹುಡುಗ ಐದನೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ಜಗುಲಿಗೆ ಬಂದ.

“ತಾತ, ಮೊದಲನೇ ದಿನ ದಾರಿಗಳ್ಳ ಒಬ್ಬ ಹರಕು ಚರ್ಮದ ಅಂಗಿ ಹಾಕ್ಕೊಂಡು ಬಂದಿದ್ದ. ಕಷ್ಟಪಟ್ಟು ಗೆದ್ದೆ. ಈಗ ನಾನು ಇಪ್ಪತ್ತನೇ ಲೆವೆಲ್. ಅದೇ ದಾರಿಯಲ್ಲಿ ಇನ್ನೊಬ್ಬ ಕಳ್ಳ ಬಂದ. ಅವನ ಮೈಮೇಲೆ ರಾಜರಿಗೂ ಸಿಗದಂಥ ಕವಚ. ಅದನ್ನ ಹಾಕ್ಕೊಂಡು ನನ್ನ ಹತ್ತಿರ ನೂರು ನಾಣ್ಯ ಕೊಡು ಅಂತಾನೆ! ನಾನು ಗಟ್ಟಿಯಾದಷ್ಟೂ ಅವರೂ ಗಟ್ಟಿಯಾಗ್ತಾರೆ. ಹಾಗಾದ್ರೆ ನಾನು ಗಟ್ಟಿಯಾಗಿದ್ದೆಲ್ಲಿ?”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಪಾಠ ಮಾಡಿದವನಿಗೆ ಯಾವ ಪ್ರಶ್ನೆ ಎದುರಾದರೂ ಅದರ ಮೂಲಕ್ಕೆ ಹೋಗುವ ಚಟ. ಕಂಪ್ಯೂಟರ್ ಆಟದ ಗಂಧಗಾಳಿ ನನಗಿಲ್ಲ. ಆದರೆ ಹುಡುಗನ ಪ್ರಶ್ನೆ ಆಟದ ಪ್ರಶ್ನೆಯಷ್ಟೇ ಅಲ್ಲವೆನ್ನಿಸಿತು. ಮಗನ ಸಹಾಯದಿಂದ ಕೆಲವು ತಿಂಗಳು ಓದಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಬಗೆಯ ಆಟಗಳಿಗೆಲ್ಲ ಮೂಲಪುರುಷ ಕಂಪ್ಯೂಟರಲ್ಲ, ಕಾಗದ, ಪೆನ್ಸಿಲು ಮತ್ತು ದಾಳ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬ ತೀರ್ಪುಗಾರ, ಆಟದ ಲೋಕವನ್ನು ವರ್ಣಿಸುವವನು ಅವನೇ. ಉಳಿದವರು ಒಂದೊಂದು ಪಾತ್ರ ವಹಿಸಿ, “ನಾನು ಬಾಗಿಲಿಗೆ ಕಿವಿಗೊಡುತ್ತೇನೆ”, “ನಾನು ಪಂಜು ಹಚ್ಚುತ್ತೇನೆ” ಎಂದು ಹೇಳುತ್ತ ಹೋಗುತ್ತಾರೆ. ಸಂಶಯವಿದ್ದ ಕಡೆ ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಲೆಯನ್ನು ನೋಡಿದವರಿಗೆ ಇದು ತೀರ ಅಪರಿಚಿತವೆನ್ನಿಸದು: ಅಲ್ಲಿಯೂ ವೇಷವಿಲ್ಲದೆ ಕುಳಿತು ಆಶುವಾಗಿ ಅರ್ಥ ಹೇಳುತ್ತಾರಷ್ಟೆ. ವ್ಯತ್ಯಾಸವೆಂದರೆ ತಾಳಮದ್ದಲೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೊನೆಗೆ ಸಾಯಲೇಬೇಕು. ಈ ಆಟದಲ್ಲಿ ಅಂತ್ಯ ಯಾರಿಗೂ ಗೊತ್ತಿಲ್ಲ. ಆದ್ದರಿಂದಲೇ ಪಾತ್ರದ ಬಲ ಎಷ್ಟಿರಬೇಕೆಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಇದರ ಬೇರು ಸೈನ್ಯದ ಲೆಕ್ಕದಲ್ಲಿದೆ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಜ್ ಎಂಬಾತ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದಾಟವನ್ನು ಪ್ರಕಟಿಸಿದ. ನಕ್ಷೆಯ ಮೇಲೆ ದಳಗಳನ್ನು ನಡೆಸುವುದು, ಗುಂಡೇಟಿನ ಫಲವನ್ನು ದಾಳದಿಂದ ನಿರ್ಧರಿಸುವುದು, ಮಧ್ಯಸ್ಥನೊಬ್ಬ ತೀರ್ಪು ಕೊಡುವುದು, ಇವು ಅದರ ಕ್ರಮ. ಅಧಿಕಾರಿಗಳ ತರಬೇತಿಗೆಂದು ಹುಟ್ಟಿದ್ದು ನಿಧಾನವಾಗಿ ಹವ್ಯಾಸವಾಯಿತು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ರೂಪಿಸಿದ. ಇಲ್ಲೆಲ್ಲ ಒಬ್ಬ ಸೈನಿಕನೆಂದರೆ ಒಬ್ಬನೇ, ಅಥವಾ ಒಂದು ಬೊಂಬೆಯೆಂದರೆ ಇಪ್ಪತ್ತು ಜನ. ವೀರನಿಗೆ ಜಾಗವಿರಲಿಲ್ಲ.

ವೀರ ಒಳಬಂದದ್ದು 1971ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಎಂಬವನ ಜೊತೆಗೂಡಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಪುಸ್ತಕ ಹೊರತಂದ. ಅದರ ಕೊನೆಗೆ ಅನುಬಂಧದಂತೆ ಮಂತ್ರವಾದಿ, ಡ್ರಾಗನ್ ಮುಂತಾದವುಗಳಿಗೂ ನಿಯಮಗಳಿದ್ದವು. ಅಲ್ಲಿ ‘ಹೀರೋ’ ಎಂದರೆ ನಾಲ್ಕು ಜನಕ್ಕೆ ಸಮ. ‘ಸೂಪರ್‌ಹೀರೋ’ ಎಂದರೆ ಎಂಟು ಜನಕ್ಕೆ. ಸಾಮಾನ್ಯ ಸೈನಿಕರು ಹೀರೋನನ್ನು ಕೊಲ್ಲಬೇಕಾದರೆ ಒಂದೇ ಸರದಿಯಲ್ಲಿ ನಾಲ್ಕು ಮಾರಣಾಂತಿಕ ಪೆಟ್ಟುಗಳು ಒಟ್ಟಿಗೆ ಬೀಳಬೇಕು. ಮೂರು ಬಿದ್ದರೆ ಅವನಿಗೆ ಏನೂ ಆಗದು.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಭಿಮನ್ಯು. ಒಬ್ಬೊಬ್ಬರಾಗಿ ಬಂದರೆ ಸಾಯದವನು ಎಲ್ಲರೂ ಒಟ್ಟಿಗೆ ಮುತ್ತಿದಾಗ ಬೀಳುತ್ತಾನೆ. ವೀರನನ್ನು ಜನಸಂಖ್ಯೆಯಿಂದ ಅಳೆಯುವ ಬುದ್ಧಿ ಹೊಸದೇನಲ್ಲ. ಉದ್ಯೋಗಪರ್ವದಲ್ಲಿ ಭೀಷ್ಮ ಎರಡೂ ಕಡೆಯ ಯೋಧರನ್ನು ರಥ, ಅತಿರಥ ಎಂದು ಎಣಿಸುತ್ತ ಹೋಗಿ ಕರ್ಣನನ್ನು ಅರ್ಧರಥನೆಂದ. ಆ ಒಂದು ಅಂಕಕ್ಕಾಗಿ ಕರ್ಣ, ಭೀಷ್ಮ ಬೀಳುವವರೆಗೆ ಯುದ್ಧಕ್ಕೇ ಇಳಿಯಲಿಲ್ಲ. ಅಂಕ ಕೊಡುವವರು ಎಚ್ಚರಿಕೆಯಿಂದಿರಬೇಕು ಎಂಬುದು ಅಧ್ಯಾಪಕನಾದ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇರಲಿ. ಲೇಕ್ ಜಿನೀವಾಕ್ಕೆ ದೂರದ ಮಿನ್ನೆಸೋಟದಲ್ಲಿ ಇನ್ನೊಂದು ಗುಂಪಿತ್ತು. 1969ರ ಸುಮಾರಿಗೆ ಡೇವಿಡ್ ವೆಸ್ಲಿ ಎಂಬವನು ನೆಪೋಲಿಯನ್ ಕಾಲದ ಒಂದು ಕಲ್ಪಿತ ಊರನ್ನು ಆಧರಿಸಿದ ಯುದ್ಧದಾಟದಲ್ಲಿ, ಸೇನಾಪತಿಗಳ ಜೊತೆಗೆ ಊರಿನ ಜನರ ಪಾತ್ರಗಳನ್ನೂ ಆಟಗಾರರಿಗೆ ಹಂಚಿದ. ಅದೇ ಬಳಗದ ಡೇವ್ ಆರ್ನೆಸನ್ ಈ ಉಪಾಯವನ್ನು ‘ಬ್ಲ್ಯಾಕ್‌ಮೂರ್’ ಎಂಬ ತನ್ನ ಮಾಯಾಲೋಕಕ್ಕೆ ಒಯ್ದು, ಜನರನ್ನು ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿಸಿದ. ತೊಡಕು ಎದುರಾದದ್ದು ಅಲ್ಲಿಯೇ. ಸೈನ್ಯದ ಆಟದಲ್ಲಿ ಒಂದು ಪೆಟ್ಟಿಗೆ ಒಂದು ಬೊಂಬೆ ಸತ್ತರೆ ಯಾರೂ ಅಳುವುದಿಲ್ಲ. ಆದರೆ ಹೆಸರಿಟ್ಟು, ಕೆಲವು ವಾರ ಪೋಷಿಸಿದ ಪಾತ್ರ ಒಂದೇ ಏಟಿಗೆ ಸತ್ತರೆ? ಆಟಗಾರರು ಅದನ್ನು ಒಪ್ಪಲಿಲ್ಲವೆಂದು ಆರ್ನೆಸನ್ ಮುಂದೆ ಹೇಳಿಕೊಂಡಿದ್ದಾನೆ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗುಗಳ ಬಗ್ಗೆ ಅವನು ಹಿಂದೆ ಒಂದು ಆಟ ರೂಪಿಸಿದ್ದ. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲವಲ್ಲ! ಇಂತಿಷ್ಟು ಪೆಟ್ಟು ತಾಳುತ್ತದೆಂಬ ಲೆಕ್ಕವಿರುತ್ತದೆ. ಆ ಲೆಕ್ಕವನ್ನೇ ಮನುಷ್ಯನಿಗೆ ಅನ್ವಯಿಸಿದ. ಇಂದು ಲೋಕದ ಮಕ್ಕಳೆಲ್ಲ ಬಲ್ಲ ‘ಹಿಟ್ ಪಾಯಿಂಟ್’ ಹೀಗೆ ಹಡಗಿನಿಂದ ಇಳಿದು ಬಂದದ್ದು. ನಾನದನ್ನು ಪ್ರಾಣಾಂಕ ಎಂದು ಕರೆಯುತ್ತೇನೆ.

ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ 1974ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟಿಸಿದರು. ಪೆಟ್ಟಿಗೆಯೊಳಗೆ ಮೂರು ಕಿರುಹೊತ್ತಿಗೆ, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ‘ಡಂಜನ್’ ಎಂದರೆ ಆ ನೆಲಮಾಳಿಗೆಯೇ.

ಈ ಹೊತ್ತಿಗೆಗಳ ಅಂಕಿಅಂಶಗಳ ಮೇಲೆ ಸ್ವಲ್ಪ ನಿಲ್ಲಬೇಕು. ಮೊದಲ ಹಂತದ ಯೋಧನಿಗೆ ಒಂದು ದಾಳ ಹಾಕಿ ಅದಕ್ಕೆ ಒಂದು ಸೇರಿಸಿದಷ್ಟು, ಎಂದರೆ 2ರಿಂದ 7 ಪ್ರಾಣಾಂಕ. ಮಾಂತ್ರಿಕನಿಗೆ ಬರಿಯ ಒಂದು ದಾಳ, 1ರಿಂದ 6. ಎದುರಾಳಿಯ ಪೆಟ್ಟು ತಾಗಿದರೆ ಅದೂ ಒಂದು ದಾಳ. ಪ್ರಾಣಾಂಕ 3 ಇರುವ ಮಾಂತ್ರಿಕನಿಗೆ ಒಂದೇಟು ಬಿದ್ದರೆ ಆರರಲ್ಲಿ ನಾಲ್ಕು ಪಾಲು ಸಾವೇ. ಅವನ ಬಳಿ ಇರುವುದು ದಿನಕ್ಕೆ ಒಂದು ಮಂತ್ರ. ಯೋಧ ಎರಡನೆಯ ಹಂತಕ್ಕೇರಲು 2,000 ಅನುಭವಾಂಕ ಬೇಕು, ನಾಲ್ಕನೆಯ ಹಂತಕ್ಕೆ 8,000, ಎಂಟನೆಯದಕ್ಕೆ 1,20,000. ಆ ನಾಲ್ಕನೆಯ ಹಂತದ ಹೆಸರೇ ‘ಹೀರೋ’, ಎಂಟನೆಯದು ‘ಸೂಪರ್‌ಹೀರೋ’. ಹಳೆಯ ಸೈನ್ಯದ ಲೆಕ್ಕ ಹಾಗೆಯೇ ಉಳಿದಿತ್ತು. ಎಂದರೆ ಈ ಆಟದಲ್ಲಿ ಯಾರೂ ವೀರನಾಗಿ ಹುಟ್ಟುವುದಿಲ್ಲ; ನಾಲ್ಕನೆಯ ಮೆಟ್ಟಿಲವರೆಗೆ ಬದುಕಿ ಉಳಿದರೆ ಆ ಹೆಸರು.

ಹಾಗಾದರೆ ಇಷ್ಟು ಬಡಪಾಯಿಗಳು ಹೇಗೆ ಬದುಕುತ್ತಿದ್ದರು? ಅಂಕಗಳು ಬರುತ್ತಿದ್ದುದು ಎರಡು ದಾರಿಯಿಂದ, ಕೊಲ್ಲುವುದರಿಂದ ಮತ್ತು ಹೊನ್ನು ತರುವುದರಿಂದ. ಒಂದು ಹೊನ್ನಿಗೆ ಒಂದಂಕ. ಕೊಂದದ್ದಕ್ಕೆ ಕೊಡುತ್ತಿದ್ದ ಅಂಕವನ್ನು 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಬಹಳವಾಗಿ ಇಳಿಸಿದರು. ಆಮೇಲೆ ಜಾಣನಾದವನು ರಾಕ್ಷಸನೊಡನೆ ಹೋರಾಡುತ್ತಿರಲಿಲ್ಲ. ಅದು ಮಲಗಿದ್ದಾಗ ನಿಧಿ ಹೊತ್ತು ಓಡುತ್ತಿದ್ದ. ಆಳುಗಳನ್ನು ಕೂಲಿಗಿಟ್ಟುಕೊಳ್ಳುತ್ತಿದ್ದರು, ಮಾತಿನಲ್ಲಿ ಒಲಿಸುತ್ತಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಪಲಾಯನ ಮಾಡುತ್ತಿದ್ದರು.

ಇನ್ನೊಂದು ನಿಯಮ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನೆಲಮಾಳಿಗೆಗೆ ಅಂತಸ್ತುಗಳುಂಟು. ಕೆಳಗಿಳಿದಷ್ಟೂ ಅಪಾಯ ಹೆಚ್ಚು, ನಿಧಿಯೂ ಹೆಚ್ಚು. ಎಂಟನೆಯ ಹಂತದ ಮಾಂತ್ರಿಕ ಐದನೆಯ ಅಂತಸ್ತಿನಲ್ಲಿ ಅಡ್ಡಾಡಿ ಗಳಿಸಿದರೆ ಅವನಿಗೆ ಸಲ್ಲುವುದು ಎಂಟರಲ್ಲಿ ಐದು ಪಾಲು ಅಂಕ ಮಾತ್ರ! ನಿಷೇಧವಿಲ್ಲ, ಆದರೆ ಲಾಭವೂ ಇಲ್ಲ. ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಆಟಗಾರನ ಆಯ್ಕೆ. ಮೊದಲ ಹಂತದವನು ದುರಾಸೆಯಿಂದ ಆರನೆಯ ಅಂತಸ್ತಿಗೆ ಇಳಿದರೆ ಅವನ ಹಣೆಬರಹ. ನೆಲಮಾಳಿಗೆ ಯಾರಿಗಾಗಿಯೂ ಬದಲಾಗುವುದಿಲ್ಲ. ಪಾತ್ರದ ಬಲ ಎಷ್ಟಿರಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕವಾದ ಉತ್ತರವನ್ನು ಮುಂದಿನ ಐವತ್ತು ವರ್ಷಗಳಲ್ಲಿ ಯಾರೂ ಕೊಟ್ಟಂತೆ ನನಗೆ ಕಾಣಲಿಲ್ಲ. ಲೋಕ ತನ್ನ ಪಾಡಿಗೆ ಇರುತ್ತದೆ. ನೀನು ಅಳೆದುಕೊಂಡು ಇಳಿ.

ಆದರೆ ಲೆಕ್ಕದಲ್ಲಿ ಒಂದು ಬಿರುಕೂ ಇತ್ತು. ಮಾಂತ್ರಿಕನ ಮಂತ್ರಗಳನ್ನು ಗೈಗ್ಯಾಕ್ಸ್ ಜಾಕ್ ವ್ಯಾನ್ಸ್ ಎಂಬ ಲೇಖಕನ 1950ರ ‘ದಿ ಡೈಯಿಂಗ್ ಅರ್ಥ್’ ಕೃತಿಯಿಂದ ಪ್ರೇರಣೆ ಪಡೆದು ರೂಪಿಸಿದ: ಒಮ್ಮೆ ಪ್ರಯೋಗಿಸಿದ ಮಂತ್ರ ಮರೆತುಹೋಗುತ್ತದೆ, ಮತ್ತೆ ಓದಿ ಕಲಿಯಬೇಕು. ಇದು ಕಡಿವಾಣವೇ ಸರಿ. ಆದರೆ ಹತ್ತನೆಯ ಹಂತದ ಮಾಂತ್ರಿಕನ ಬೆಂಕಿಯುಂಡೆ ಹತ್ತು ದಾಳದಷ್ಟು ಸುಡುತ್ತದೆ. ಯೋಧನ ಕತ್ತಿಯೇಟು 1974ರ ನಿಯಮದಲ್ಲಿ ಆಗಲೂ ಒಂದೇ ದಾಳ. ಆರಂಭದಲ್ಲಿ ಮಾಂತ್ರಿಕನನ್ನು ಯೋಧ ಕಾಯಬೇಕು, ಕೊನೆಯಲ್ಲಿ ಯೋಧನ ಅಗತ್ಯವೇ ಇರುವುದಿಲ್ಲ. ಈ ಜಗಳ ಇನ್ನೂ ಪೂರ್ತಿ ತೀರಿದಂತಿಲ್ಲ.

ದೊಡ್ಡ ಅನಾಹುತ ಬೇರೆ ಕಡೆಯಿಂದ ಬಂತು. ಹಂತಗಳಿಗೆ ತಾತ್ವಿಕವಾಗಿ ಮೇಲ್ಮಿತಿಯಿಲ್ಲವೆಂದು ಮೂಲ ಹೊತ್ತಿಗೆಯಲ್ಲೇ ಬರೆದಿತ್ತು. ಆಟ ಊರೂರಿಗೆ ಹರಡಿದಾಗ ಕೈಬಿಚ್ಚಿ ಕೊಡುವ ತೀರ್ಪುಗಾರರು ಹುಟ್ಟಿಕೊಂಡರು. ಒಂದು ಇಲಿ ಕೊಂದರೆ ಮಾಯಾಖಡ್ಗ, ಎರಡು ಕೊಂದರೆ ರಾಜ್ಯ. ಟಿ.ವಿ.ಯಲ್ಲಿ ಬಹುಮಾನಗಳನ್ನು ಹಂಚುವ ಕಾರ್ಯಕ್ರಮ ನಡೆಸುತ್ತಿದ್ದ ಮಾಂಟಿ ಹಾಲ್ ಎಂಬವನ ಹೆಸರನ್ನೇ ಇಂಥ ಆಟಗಳಿಗೆ ಕಟ್ಟಿದರು. 1976ರಲ್ಲಿ ರಾಬರ್ಟ್ ಕುಂಟ್ಜ್ ಮತ್ತು ಜೇಮ್ಸ್ ವಾರ್ಡ್ ಬರೆದ ದೇವತೆಗಳ ಪುರವಣಿಯೊಂದು ಬಂತು. ಅದರ ಮುನ್ನುಡಿಯಲ್ಲಿ ಸಂಪಾದಕ ಟಿಮ್ ಕ್ಯಾಸ್ಕ್, ನಲವತ್ತು ದಾಟಿದ ಹಂತದ ಪಾತ್ರಗಳು ಎಷ್ಟು ಅಸಂಬದ್ಧವೆಂದು ತೋರಿಸಲು ಇದು ತಮ್ಮ ಕೊನೆಯ ಯತ್ನವೆಂಬರ್ಥದ ಮಾತು ಬರೆದ. ದೇವತೆಗಳ ಬಲವೇ ಇಷ್ಟು, ನಿಮ್ಮ ಪಾತ್ರ ಅವರನ್ನೂ ಮೀರಿದ್ದರೆ ನಗಲೋ ಅಳಲೋ ಎಂಬುದು ತಾತ್ಪರ್ಯ. ಆ ಪಟ್ಟಿಯಲ್ಲಿ ನಮ್ಮ ಇಂದ್ರ, ಅಗ್ನಿ, ವರುಣರೂ ಇದ್ದಾರೆ, ಒಬ್ಬೊಬ್ಬರಿಗೂ ಪ್ರಾಣಾಂಕ ಸಹಿತ! ಓದಿ ನನಗೆ ಮೊದಲು ಕಸಿವಿಸಿಯಾಯಿತು, ಆಮೇಲೆ ನಗು ಬಂತು. ಯತ್ನವಂತೂ ತಿರುಗುಬಾಣವಾಯಿತು. ಅಂಕವಿದೆಯೆಂದರೆ ಕೊಲ್ಲಬಹುದು ಎಂದು ಹುಡುಗರು ಅರ್ಥ ಮಾಡಿಕೊಂಡರು. ತಪ್ಪು ಹುಡುಗರದಲ್ಲ, ಅಳತೆಗೆ ಸಿಕ್ಕದ್ದನ್ನು ಅಳೆದವರದು.

ಗೈಗ್ಯಾಕ್ಸನ ಮದ್ದು ಬೇರೆ ಬಗೆಯದು. ತಮ್ಮ ಪಾತ್ರವನ್ನು ಯಾರೂ ಸೋಲಿಸಲಾರರೆಂದು ಬೀಗುವವರ ಸೊಕ್ಕು ಇಳಿಸಲು ಅವನು ‘ಟೂಂಬ್ ಆಫ್ ಹಾರರ್ಸ್’ ಎಂಬ ಸಮಾಧಿಯನ್ನು ಕಟ್ಟಿದ. 1975ರಲ್ಲಿ ‘ಒರಿಜಿನ್ಸ್’ ಎಂಬ ಆಟಗಾರರ ಸಮ್ಮೇಳನದಲ್ಲಿ ಸ್ಪರ್ಧೆಯಾಗಿ ಆಡಿಸಿ 1978ರಲ್ಲಿ ಪ್ರಕಟಿಸಿದ. ಅಲ್ಲಿ ಕಾದಾಟ ಅಲ್ಪ. ಸುಳ್ಳು ಬಾಗಿಲು, ಗುಂಡಿ, ಬಾಯ್ದೆರೆದ ಕಲ್ಲಿನ ಮುಖ, ಅದರೊಳಗೆ ಕೈಹಾಕಿದವನು ಇಲ್ಲವಾಗುವ ಕತ್ತಲು. ಪ್ರಾಣಾಂಕ ಎಷ್ಟಿದ್ದರೂ ಅಷ್ಟೆ. ಬಲಕ್ಕೆ ಅಲ್ಲಿ ಬೆಲೆಯಿಲ್ಲ, ಬುದ್ಧಿಗೆ ಇದೆ. ಮೇಲೆ ಹೇಳಿದ ಕುಂಟ್ಜ್ ಅದನ್ನು ಒಬ್ಬನೇ ದಾಟಿದನಂತೆ, ಅದೂ ತನ್ನ ಆಳುಗಳಾದ ಓರ್ಕ್‌ಗಳನ್ನು ಒಂದೊಂದಾಗಿ ಮುಂದೆ ಬಿಟ್ಟು! ವೀರಧರ್ಮಕ್ಕೆ ಸಲ್ಲುವ ಮಾತಲ್ಲ, ಆದರೆ ಸೇನಾಪತಿಗಳು ಚರಿತ್ರೆಯುದ್ದಕ್ಕೂ ಮಾಡಿರುವುದು ಅದನ್ನೇ.

ಇತ್ತ ಬೇರೆಯವರು ಮೆಟ್ಟಿಲುಗಳನ್ನೇ ಕಿತ್ತುಹಾಕಿದರು. ಮಾರ್ಕ್ ಮಿಲ್ಲರ್ 1977ರಲ್ಲಿ ತಂದ ‘ಟ್ರಾವೆಲರ್’ ಆಟದಲ್ಲಿ ಲೆವೆಲ್ ಎಂಬುದಿಲ್ಲ. ಪಾತ್ರದ ಪೂರ್ವವೃತ್ತಾಂತವನ್ನು ದಾಳದಿಂದ ರಚಿಸುವಾಗಲೇ, ಆಟ ಆರಂಭವಾಗುವ ಮುನ್ನವೇ, ಅದು ಸತ್ತೂ ಹೋಗಬಹುದಿತ್ತು. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಕೌಶಲ ಬಳಸಿದಂತೆಲ್ಲ ಹೆಚ್ಚುತ್ತದೆ, ಆದರೆ ಮೈ ಮನುಷ್ಯರದೇ, ನುರಿತ ಯೋಧನ ತೊಡೆಗೂ ಒಂದು ಈಟಿ ಸಾಕು. ನನಗೆ ಬಹಳ ಹಿಡಿಸಿದ್ದು ಸ್ಯಾಂಡಿ ಪೀಟರ್‌ಸನ್ 1981ರಲ್ಲಿ ರೂಪಿಸಿದ ‘ಕಾಲ್ ಆಫ್ ಕ್ತುಲ್ಹು’. ಅಲ್ಲಿ ಪಾತ್ರಕ್ಕೆ ‘ಬುದ್ಧಿಸ್ವಾಸ್ಥ್ಯ’ ಎಂಬ ಅಂಕವಿದೆ. ಲೋಕದ ಹಿಂದಿರುವ ಭೀಕರ ರಹಸ್ಯಗಳ ಅರಿವು ಹೆಚ್ಚಿದಷ್ಟೂ ಆ ಅಂಕದ ಮೇಲ್ಮಿತಿ ಇಳಿಯುತ್ತ ಬರುತ್ತದೆ. ಅಲ್ಲಿ ಏರುವುದೆಂದರೆ ಇಳಿಯುವುದೇ. ‘ಡಂಜನ್ಸ್’ ಮಾತ್ರ ಮೇಲಕ್ಕೇ ಹೋಯಿತು: 1985ರ ಹೊತ್ತಿಗೆ 36 ಹಂತ, 1986ರಲ್ಲಿ ಅದರಾಚೆ ಅಮರರಾಗುವುದಕ್ಕೂ ಒಂದು ಪೆಟ್ಟಿಗೆ.

ಅಷ್ಟರಲ್ಲಿ ಆಟ ಕಂಪ್ಯೂಟರನ್ನು ಹೊಕ್ಕಿತ್ತು. 1980ರ ಸುಮಾರಿನ ‘ರೋಗ್’ನಲ್ಲಿ ಸತ್ತರೆ ಸತ್ತಂತೆ, ಮೊದಲಿನಿಂದ ಆರಂಭಿಸಬೇಕು. 1981ರಲ್ಲಿ ‘ವಿಜರ್ಡ್ರಿ’, ‘ಅಲ್ಟಿಮಾ’ ಬಂದವು. ಇಲ್ಲೆಲ್ಲ ಒಂದು ಮುಖ್ಯ ನಷ್ಟವಾಯಿತು: ತೀರ್ಪುಗಾರ ಇಲ್ಲವಾದ. ಮೇಜಿನ ಆ ತುದಿಯಲ್ಲಿ ಕುಳಿತು ಆಟಗಾರರ ಮುಖ ನೋಡಿ, ಇವತ್ತು ಇವರಿಗೆ ಇಷ್ಟು ಸಾಕೆಂದು ಅಳೆಯುವವನು ಇಲ್ಲ. ಅವನ ಕೆಲಸವನ್ನು ಸೂತ್ರಕ್ಕೆ ವಹಿಸಬೇಕಾಯಿತು.

‘ಆಬ್ಲಿವಿಯನ್’ನವರ ಸೂತ್ರ ಹೀಗಿತ್ತು: ಆಟಗಾರ ವಿಶಾಲವಾದ ಲೋಕದಲ್ಲಿ ಎಲ್ಲಿಗೆ ಬೇಕಾದರೂ ಯಾವಾಗ ಬೇಕಾದರೂ ಹೋಗುವಂತಿರಬೇಕು, ಎಲ್ಲಿಯೂ ಅತಿ ಸುಲಭವೂ ಆಗಬಾರದು, ಅಸಾಧ್ಯವೂ ಆಗಬಾರದು. ಅದಕ್ಕಾಗಿ ಬಹುತೇಕ ಶತ್ರುಗಳ ಬಲವನ್ನೂ ಅವರ ಬಳಿಯಿರುವ ಸಾಮಾನನ್ನೂ ಆಟಗಾರನ ಹಂತಕ್ಕೆ ಕಟ್ಟಿದರು. ಉದ್ದೇಶ ಒಳ್ಳೆಯದೇ. ಫಲ ಮಾತ್ರ ನನ್ನ ಮೊಮ್ಮಗ ಹೇಳಿದ್ದು. ಎಷ್ಟರಮಟ್ಟಿಗೆಂದರೆ ಮೊದಲ ಹಂತದಲ್ಲೇ ಉಳಿದು ಮುಖ್ಯ ಕಥೆಯನ್ನು ಮುಗಿಸಬಹುದೆಂದು ಆಟಗಾರರು ಕಂಡುಕೊಂಡರು, ಬೆಳೆಯದಿರುವುದೇ ಲೇಸಾಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರೂ ಫೇಲಾಗಿ ಕುಗ್ಗಬಾರದು, ಯಾರೂ ಸುಲಭವಾಗಿ ಗೆದ್ದು ಬೀಗಬಾರದು ಎಂಬ ಹುಮ್ಮಸ್ಸಿನಲ್ಲಿ, ಒಂದು ವರ್ಷದ ಕಿರುಪರೀಕ್ಷೆಗಳಿಗೆ ಮೂರು ಬಗೆಯ ಪ್ರಶ್ನೆಪತ್ರಿಕೆ ಮಾಡಿದ್ದೆ. ಹಿಂದಿನ ಸಲ ಹೆಚ್ಚು ಅಂಕ ತೆಗೆದವರಿಗೆ ಕಠಿಣವಾದದ್ದು, ಕಡಿಮೆಯವರಿಗೆ ಸುಲಭವಾದದ್ದು. ಅಂಕಗಳೆಲ್ಲ ಸುಂದರವಾಗಿ ಐವತ್ತೈದು ಅರವತ್ತರ ಸುತ್ತ ಬಂದವು. ಬಹಳ ಹೆಮ್ಮೆಯಾಯಿತು. ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿ ಮೂವತ್ತರಿಂದ ಮೇಲೆ ಬಂದಿದ್ದ ಹುಡುಗನೊಬ್ಬ ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. “ಸಾರ್, ಓದದೇ ಇದ್ದಾಗ್ಲೂ ಐವತ್ತೆಂಟು, ಓದಿದ್ರೂ ಐವತ್ತೆಂಟೇ ಬಂತಲ್ಲ ಸಾರ್” ಎಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಮುಂದಿನ ಪರೀಕ್ಷೆಯಿಂದ ಎಲ್ಲರಿಗೂ ಒಂದೇ ಪತ್ರಿಕೆ ಮಾಡಿದೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಮಾತ್ರ ಅಂದು ಕೊಡಲಾಗಲಿಲ್ಲ. ಆದ್ದರಿಂದಲೇ ಮೊಮ್ಮಗನ ಪ್ರಶ್ನೆ ನನ್ನನ್ನು ಇಷ್ಟು ಓದಿಸಿತೆಂದು ತೋರುತ್ತದೆ.

ಬೆಥೆಸ್ಡಾದವರೂ ತಿದ್ದಿಕೊಂಡರೆನ್ನಬೇಕು. 2011ರ ‘ಸ್ಕೈರಿಮ್’ನಲ್ಲಿ ಒಂದೊಂದು ಪ್ರದೇಶಕ್ಕೂ ಕನಿಷ್ಠ, ಗರಿಷ್ಠ ಬಲದ ಮಿತಿ ಹಾಕಿದರು. ಕಾಗದದ ಆಟದಲ್ಲಿ 2014ರ ಐದನೆಯ ಆವೃತ್ತಿ ಇನ್ನೂ ಜಾಣತನ ತೋರಿತು. ಮೊದಲ ಹಂತದಿಂದ ಇಪ್ಪತ್ತನೆಯದಕ್ಕೆ ಹೋಗುವಾಗ ಕೌಶಲಕ್ಕೆ ಸೇರುವ ಅಂಕ 2ರಿಂದ 6ಕ್ಕೆ ಮಾತ್ರ ಏರುತ್ತದೆ. ಪ್ರಾಣಾಂಕ ಬೆಳೆಯುತ್ತದೆ, ಕೈಚಳಕ ಅಷ್ಟಾಗಿ ಇಲ್ಲ. ಇಪ್ಪತ್ತನೆಯ ಹಂತದ ಯೋಧನಿಗೂ ಗಾಬ್ಲಿನ್ ಎಂಬ ಪುಟ್ಟ ಜಂತುವಿನ ಬಾಣ ಒಮ್ಮೊಮ್ಮೆ ತಾಗುತ್ತದೆ. ನೂರು ಗಾಬ್ಲಿನ್ ಮುತ್ತಿದರೆ ಅವನೂ ಯೋಚಿಸಬೇಕು. 1971ರ ಹಳೆಯ ಎಣಿಕೆ, ಒಬ್ಬ ಎಷ್ಟು ಜನಕ್ಕೆ ಸಮ ಎಂಬುದು, ಸುತ್ತಿ ಬಳಸಿ ಮತ್ತೆ ಬಂತು. ಇದನ್ನು ನೋಡಲು ಗೈಗ್ಯಾಕ್ಸ್ ಇರಲಿಲ್ಲ, 2008ರಲ್ಲಿ ತೀರಿಕೊಂಡಿದ್ದ. ಮರುವರ್ಷ ಆರ್ನೆಸನ್ ಕೂಡ.

ಈ ದಸರಾ ರಜೆಗೆ ಮಗ 1974ರ ನಿಯಮಗಳನ್ನು ಎಲ್ಲಿಂದಲೋ ಸಂಪಾದಿಸಿ ತಂದ. ಊಟದ ಮೇಜೇ ಆಟದ ಮೇಜಾಯಿತು. ಮೊಮ್ಮಗನೇ ತೀರ್ಪುಗಾರ. ಅವನ ಅಪ್ಪ ಯೋಧ. ನನ್ನ ವಯಸ್ಸಿಗೂ ಕನ್ನಡಕಕ್ಕೂ ಒಪ್ಪುವುದೆಂದು ನನ್ನನ್ನು ಮಾಂತ್ರಿಕನನ್ನಾಗಿ ಮಾಡಿದರು. ಪ್ರಾಣಾಂಕಕ್ಕೆ ದಾಳ ಹಾಕಿದೆ. ಬಿದ್ದದ್ದು ಮೂರು.

ಮೊದಲ ಕೋಣೆಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಗಾಬ್ಲಿನ್ ಒಂದು ಈಟಿ ಎಸೆಯಿತು. ಹುಡುಗ ದಾಳ ಉರುಳಿಸಿ, ಅದನ್ನು ಅಂಗೈಯಿಂದ ಮುಚ್ಚಿ ನನ್ನ ಮುಖ ನೋಡಿದ.

“ತಾತ, ಇದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಹಾಕ್ಲಾ?”

ಬೇಡವೆಂದೆ. ನನ್ನ ಹಾಳೆಯನ್ನು ಮಡಚಿಟ್ಟು, ಇನ್ನೊಂದು ಖಾಲಿ ಹಾಳೆ ಕೊಡೆಂದು ಕೈ ಚಾಚಿದೆ.